ನಾಲ್ಕನೇ ಡಬ್ಬ

ಇಲ್ಲ, ಇಲ್ಲ... ಇದು ವಾಪಸ್ ಹೋಗಲ್ಲ. ನೀನು ಹುಬ್ಬು ಹಾರಿಸಿದ್ರೂ ಅಷ್ಟೇ, ಇಳಿಸಿದ್ರೂ ಅಷ್ಟೇ. ಇದೇ ಕೊನೇ ಡಬ್ಬ. ಬೇಕಾದ್ರೆ ಆಣೆ ಇಡ್ತೀನಿ... ನಿನ್ನ ಹೊಲಿಗೆ ಮೆಷಿನ್ ಮುಟ್ಟಿ ಇಡ್ಲಾ? ಏ, ಏ, ಮಾತಾಡ್ಬೇಡ! ಬಾಯಲ್ಲಿ ಗುಂಡುಸೂಜಿ ಇದೆ. ಎಷ್ಟು, ಆರಾ, ಏಳಾ? ಒಂದು ನುಂಗಿದ್ರೆ ನನ್ನ ಗತಿ ಏನು? ಆ ಪರದೆ ಅಂಚು ಮಡಚಿ ಚುಚ್ಚಿ ಮುಗಿಸೋ ತನಕ ಸುಮ್ನೆ ಕೂತು ಕೇಳು. ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು, ಮಧ್ಯೆ ಬಾಯಿ ಹಾಕೋರಿಲ್ದೆ ಮಾತಾಡೋ ಯೋಗ ನನಗೆ ಸಿಕ್ಕಿರೋದು ಇವತ್ತೇ ಮೊದಲು. ಬಿಡ್ತೀನಾ?

ಇಲ್ಲಿ ನೋಡು. ಮುಟ್ಬೇಡ, ನೋಡು ಅಂದೆ. ಬೂದು ಬಣ್ಣ, ಮುಂದೆ ಎರಡು ಸಾಕೆಟ್ಟು, ಎರಡು ಗುಂಡಿ, ಆ ತುದೀಲಿ ಹೆಡ್‌ಫೋನ್ ಸಿಗಿಸೋಕೆ ಒಂದು. ಒಂದನೇ ಸಾಕೆಟ್ಟಿಗೆ ನಿನ್ನ ಮೈಕು. ಎರಡನೇದಕ್ಕೆ ನನ್ನ ಮ್ಯಾಂಡೊಲಿನ್. ನಾವು ಹಾಡಿದ್ದು, ಬಾರಿಸಿದ್ದು ಕಂಪ್ಯೂಟರಿಗೆ ನೇರವಾಗಿ ತಿಳಿಯಲ್ಲ ಕಣೇ, ಮಧ್ಯೆ ಒಬ್ಬ ದುಭಾಷಿ ಬೇಕು. ಆ ದುಭಾಷೀನೇ ಈ ಡಬ್ಬ. ಆಡಿಯೊ ಇಂಟರ್‌ಫೇಸು. ನಾಲ್ಕನೇ ಸಲ ಹೇಳ್ತಿದ್ದೀನಾ? ಹೇಳ್ತಿದ್ದೀನಿ. ನಾಲ್ಕನೇ ಡಬ್ಬ, ನಾಲ್ಕನೇ ಸಲ. ಲೆಕ್ಕ ಸರಿಯಾಗಿದೆಯಲ್ಲ.

ಆದ್ರೆ ಇದರಲ್ಲಿ ಇರೋ ವಿಶೇಷ ಆ ಮೂರರಲ್ಲಿ ಇರ್ಲಿಲ್ಲ. ಏನು ಹೇಳು? ದೀಪ! ಈ ಗುಂಡಿ ಸುತ್ತ ಬಳೆ ಥರ ಇದೆ ನೋಡು, ಅದು ದೀಪ. ಈಗ ಕತ್ತಲೆ. ಮೈಕಿಗೆ ಸದ್ದು ಬಿದ್ರೆ ಹಸಿರು. ಅತಿಯಾದ್ರೆ ಕೆಂಪು. ಥೇಟ್ ನಿನ್ನ ಮುಖ... ಕತ್ತರಿ ಕೆಳಗಿಡು. ತಮಾಷೆಗೆ ಅಂದೆ. ಇರು, ತೋರಿಸ್ತೀನಿ. ಮೈಕಿನ ಹತ್ರ ಬಾಯಿ ತಂದು... ಹಲೋ, ಹಲೋ! ನೋಡಿದ್ಯಾ? ಹಸಿರು. ಈಗ ಹಿಂದೆ ಸರಿದು ಕೂತ್ಕೊಂಡು ಮಾತಾಡ್ತಿದ್ದೀನಿ, ನೋಡು, ದೀಪ ಇಲ್ಲ. ಗೇಣು ದೂರದ ಮಾತನ್ನ ಈ ಮೈಕು ಕೇಳಿಸ್ಕೊಳ್ಳೋದೇ ಇಲ್ಲ. ನಿನ್ನ ತಮ್ಮನ ಹಾಗೆ. ಬಾಯಿ ತಂದು ಇಟ್ರೆ ಮಾತ್ರ.

ಈ ಸಲ ಅಂಗಡಿಗೆ ಹೋಗಿ ನಾನು ಕೇಳಿದ್ದು ಒಂದೇ ಪ್ರಶ್ನೆ. ಯಾವುದರ ದೀಪ ಎಲ್ಲಕ್ಕಿಂತ ದೊಡ್ಡದು? ಅಂಗಡಿಯವಳು ಇದ್ದಾಳಲ್ಲ, ಗಂಟಿಗೆ ಪೆನ್ಸಿಲ್ ಸಿಕ್ಕಿಸ್ಕೊಂಡಿರ್ತಾಳೆ, ನಮ್ಮ ಪೆನ್ಸಿಲಮ್ಮ... ಅವಳು ಒಂದು ಗಳಿಗೆ ನನ್ನ ಮುಖ ನೋಡಿದ್ಲು. ಆಮೇಲೆ ಏನೂ ಕೇಳದೆ ಇದನ್ನ ತೆಗೆದುಕೊಟ್ಲು. ಜಾಣೆ. ಗಿರಾಕಿ ಕಣ್ಣಿಗೆ ಏನು ಬೇಕು ಅಂತ ಗೊತ್ತು ಅವಳಿಗೆ.

ಕಣ್ಣಿಗೆ ಯಾಕೆ, ಕಿವಿಗೆ ಅಲ್ವಾ ಬೇಕಾಗಿರೋದು ಅಂತ ನೋಡ್ತಿದ್ದೀಯ. ಗೊತ್ತಾಗುತ್ತೆ ನಿನ್ನ ನೋಟ. ಕಿವಿಗೂ ಚೆನ್ನಾಗಿದೆ. ಎಲ್ಲಕ್ಕೂ ಚೆನ್ನಾಗಿದೆ. ಕಣ್ಣಿಗೂ ಇರ್ಲಿ ಅಂತ, ಅಷ್ಟೇ.

ಹೌದು, ಗೊತ್ತು. ತಿಂಗಳ ಕೊನೆಗೆ ಇನ್ನು ಒಂಬತ್ತೇ ದಿನ. ಮಗಳು ನಿನ್ನೆ ಫೋನ್ ಮಾಡಿದ್ದೂ ಗೊತ್ತು. ಅವಳ ಶಾಲೆಯ ಆ ಚಿಳ್ಳೆಪಿಳ್ಳೆಗಳೆಲ್ಲ ನಿನ್ನ ಹನ್ನೊಂದು ಹಾಡಿಗೆ ಕುಣಿಯೋಕೆ ಕಾಯ್ತಿವೆ. ಟೀಚರ್ ಅಂದ್ರೆ ಅವಳು, ಒಂಬತ್ತು ದಿನ ಅಂದ್ರೆ ಒಂಬತ್ತೇ ದಿನ. ಹಾಡು ತಡ ಆಗಿದ್ದು ನನ್ನಿಂದ, ಒಪ್ಕೊಂಡೆ. ಮೂವತ್ತು ವರ್ಷ ಮೆಷಿನ್ ತುಳೀತಾ ತುಳೀತಾ ನೀನೇ ಕಟ್ಟಿದ ಹಾಡುಗಳು. ಒಂದಾದ್ರೂ ಬರೆದಿಟ್ಟಿದ್ದೀಯಾ? ಇಲ್ಲ. ನಿನ್ನ ಗಂಟಲಲ್ಲಿ ಇವೆ, ನನ್ನ ಬೆರಳಲ್ಲಿ ಇವೆ, ಇನ್ನೆಲ್ಲೂ ಇಲ್ಲ. ಅಂಥದ್ದನ್ನ ಯಾವುದೋ ಕಂಡ ಕಂಡ ಡಬ್ಬಕ್ಕೆ ತುಂಬೋಕಾಗುತ್ತಾ? ನೀನು ಬಟ್ಟೆ ಆರಿಸೋಕೆ ಹೋದ್ರೆ ಅಂಗಡಿಯವನು ಮುಚ್ಚೋ ಹೊತ್ತಾಯ್ತು ಅಂತ ದೀಪ ಆರಿಸ್ತಾನೆ. ನಾನು ಮೂರು ಡಬ್ಬ ವಾಪಸ್ ಕೊಟ್ರೆ ತಪ್ಪಾ?

ಮೊದಲನೇದು ನೆನಪಿದೆ ತಾನೆ, ಕೆಂಪು ಡಬ್ಬ? ಮುದ್ದಾಗಿತ್ತು. ಮ್ಯಾಂಡೊಲಿನ್ನು ಗಂಟೆ ಹೊಡೆದ ಹಾಗೆ ಬಂತು. ನಿನ್ನ ದನಿ? ನಾಪತ್ತೆ! ನೀನು ಇದೇ ಕುರ್ಚಿ ಮೇಲೆ ಕೂತು ಬಟ್ಟಲು ತೊಳೆಯೋ ಹಾಡು ಪೂರ್ತಿ ಹಾಡಿದೆ, ನಾನು ಗುಂಡಿ ತಿರುಗಿಸ್ತಾ, ತಿರುಗಿಸ್ತಾ, ತಿರುಗಿಸ್ತಾ... ಒಂದನೇ ಸಾಕೆಟ್ಟು ಸತ್ತಿದೆ ಅಂತ ಆವತ್ತೇ ಹೇಳ್ದೆ. ಪೆನ್ಸಿಲಮ್ಮ ಹಾಕಿ ನೋಡಿ ಸರಿಯಾಗೇ ಇದೆಯಲ್ಲ ಅಂದ್ಲು. ಹೇಳ್ತಾಳೆ! ಮಾರೋರು ಇನ್ನೇನು ಹೇಳ್ತಾರೆ? ನಾನು ಬೆನ್ನು ತಿರುಗಿಸಿದ ಮೇಲೆ ಪಕ್ಕದವಳಿಗೆ ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ಏನೋ ಗೊಣಗಿದ್ಲು. ನನಗೆ ಕೇಳಿಸ್ತು. ನನ್ನ ಕಿವಿ ಅಂದ್ರೆ ಏನು ಅಂದ್ಕೊಂಡಿದ್ದಾಳೆ? ಪಿಟೀಲಿನ ತಂತಿ ಕೂದಲೆಳೆಯಷ್ಟು ಇಳಿದ್ರೆ ಬೀದಿ ಆಚೆ ನಿಂತು ಹೇಳೋನು ನಾನು.

ಎರಡನೇದು ಕಪ್ಪು. ಎಂಟು ಸಾಕೆಟ್ಟು. ಹೊತ್ತು ತರೋಕೆ ಇಬ್ಬರು ಬೇಕು. ನೀನೂ ನಾನೂ ಹಾಡಿ ಮುಗಿಸಿದ ಮೇಲೆ ಬೀದಿಯವರನ್ನೆಲ್ಲ ಕರೆದು ಹಾಡಿಸಬಹುದಿತ್ತು. ಅದರಲ್ಲೂ ಅದೇ ಕಥೆ, ಒಂದನೇ ಸಾಕೆಟ್ಟು ಮೂಕ. ಮೇಲಿಂದ ಸುಯ್ ಅನ್ನೋ ಸದ್ದು ಬೇರೆ, ಅದೂ ಬಲಗಡೆ ಮಾತ್ರ. ಇನ್ನೊಂದು ದೋಷ, ತಡ. ತಂತಿ ಈಗ ಮೀಟಿದ್ರೆ ಕಿವಿಗೆ ಆಮೇಲೆ ಬರುತ್ತೆ. ನಿನ್ನ ತಮ್ಮನಿಗೆ ಜೋಕ್ ಹೇಳಿದ ಹಾಗೆ, ಇವತ್ತು ಹೇಳಿದ್ರೆ ನಾಳೆ ನಗ್ತಾನೆ. ಆಯ್ತು, ಆಯ್ತು, ನಿನ್ನ ತಮ್ಮನನ್ನ ಬಿಟ್ಟೆ.

ಮೂರನೇದು... ಮೂರನೇದರ ಕಥೆ ಬಿಡು. ಅದು ಬಿಸಿ ಆಗ್ತಿತ್ತು.

ಹೂಂ, ಬಿಸಿ.

ಯಾಕೆ ಹಾಗೆ ನೋಡ್ತೀಯ? ಡಬ್ಬ ಬಿಸಿ ಆಗಬಾರದಾ? ಇಸ್ತ್ರಿಪೆಟ್ಟಿಗೆ ಥರ ಆಗ್ತಿತ್ತು. ನೀನು ಮುಟ್ಟಿದಾಗ ತಣ್ಣಗಿತ್ತು ಅಂದ್ರೆ... ನೀನು ಮುಟ್ಟೋ ಹೊತ್ತಿಗೆ ಆರಿತ್ತು. ಅದೆಲ್ಲ ಈಗ್ಯಾಕೆ? ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನೋ ಹಾಗೆ ಹೋದ ಡಬ್ಬದ ಗುಣಗಾನ ಮಾಡ್ತಾ ಕೂತ್ಕೊಳ್ಳೋದಾ?

ಏನದು... ಹೆಡ್‌ಫೋನ್ ಬೇಕಾ ನಿನಗೆ? ಬೇಡ, ಬೇಡ. ನಿನ್ನ ಜಡೆ ಕೆಡುತ್ತೆ. ಮತ್ತೆ, ಹಾಡೋರು ತಮ್ಮ ದನಿ ತಾವೇ ಕೇಳಿಸ್ಕೋಬಾರದು, ಅಹಂಕಾರ ಬರುತ್ತೆ. ಯಾರು ಹೇಳಿದ್ದಾ? ನಾನೇ. ಈಗಷ್ಟೇ.

ಕೈಲಿರೋ ಸೀಮೆಸುಣ್ಣ ಏನಕ್ಕೆ? ಗಿರಾಕಿ ಪರದೆ ಮೇಲೆ ಏನು ಬರೀತಿದ್ದೀಯ! ಉಜ್ಜಿದ್ರೆ ಹೋಗುತ್ತಾ? ಹೋಗುತ್ತೆ ಅಂದ್ರೆ ಸರಿ. ಏನದು, ತಿರುಗಿಸು ಈ ಕಡೆ. "ಯಾಕೆ... ಹೊಗಳ್ತೀಯ?"

ಯಾಕೆ ಹೊಗಳ್ತೀಯ ಅಂದ್ರೆ? ಹೆಂಡ್ತಿ ಚೆನ್ನಾಗಿ ಹಾಡಿದ್ರೆ ಗಂಡ ಹೊಗಳಬಾರದಾ? ಮೂವತ್ತು ವರ್ಷ ಹೊಗಳಿಲ್ಲ ಅಂತ ನೆಂಟರಿಷ್ಟರ ಮುಂದೆಲ್ಲ ದೂರಿದ್ದೀಯ. ಹಾಡು ಮುಗಿಸಿ ನೀನು ನನ್ನ ಮುಖ ನೋಡಿದ್ರೆ ನಾನು ಎರಡನೇ ಸಾಲು ಇಳೀತು, ಕೊನೇಲಿ ಉಸಿರು ಸಾಲಲಿಲ್ಲ, ಇಷ್ಟೇ ಹೇಳ್ತೀನಿ ಅಂತ. ಈಗ ನಾಲ್ಕೈದು ತಿಂಗಳಿಂದ ಒಳ್ಳೇ ಮಾತಾಡೋಕೆ ಶುರು ಮಾಡಿದ್ದೀನಿ. ವಯಸ್ಸಾಗ್ತಾ ಮನುಷ್ಯ ಮೆತ್ತಗಾಗ್ತಾನೆ. ಹಳೇ ಮರದ ವಾದ್ಯಾನೂ ಅಷ್ಟೇ, ಬಾರಿಸ್ತಾ ಬಾರಿಸ್ತಾ ದನಿ ಹದಕ್ಕೆ ಬರುತ್ತೆ. ಒಳ್ಳೇದಾಯ್ತು ಅಂತ ಖುಷಿ ಪಡೋದು ಬಿಟ್ಟು ಸೀಮೆಸುಣ್ಣದಲ್ಲಿ ವಿಚಾರಣೆ ನಡೆಸ್ತೀಯಲ್ಲ!

ಅರೆ, ಆ ಕುರ್ಚಿ ಯಾಕೆ ಎಳೀತಿದ್ದೀಯ? ಈ ಕಡೆಗಾ? ಬೇಡ! ಎಡಗಡೆ ಬೇಡ, ಅಲ್ಲಿ... ಅಲ್ಲಿ ಮ್ಯಾಂಡೊಲಿನ್ನಿನ ಕುತ್ತಿಗೆ ಬರುತ್ತೆ. ನಿನ್ನ ಪಕ್ಕೆಗೆ ತಿವಿಯುತ್ತೆ. ಇಪ್ಪತ್ತೊಂಬತ್ತು ವರ್ಷ ಅಲ್ಲೇ ಕೂತಿದ್ದೆ ಅಂತ ಬರೀತೀಯ, ಹೌದು, ತಿವಿಸ್ಕೊಂಡೇ ಕೂತಿದ್ದೆ ಪಾಪ, ನನಗೆ ಬುದ್ಧಿ ಬಂದಿದ್ದು ತಡವಾಗಿ. ಎದುರಿಗೇ ಇರು. ಎದುರಿಗೆ ಚೆನ್ನಾಗಿದ್ದೀಯ.

ಮತ್ತೆ ಸೀಮೆಸುಣ್ಣಾನಾ? "ಊಟದ ಮೇಜು, ಬೀದಿ"... ಊಟದ ಮೇಜಿಗೂ ಇದಕ್ಕೂ ಏನು ಸಂಬಂಧ? ಅಲ್ಲಿ ನಾನು ಜಾಗ ಬದಲಾಯಿಸಿದ್ದು ಕಿಟಕಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ. ಬೀದೀಲಿ? ಬೀದೀಲಿ ವಾಹನ ಓಡಾಡೋ ಕಡೆ ಗಂಡಸು ನಡೀಬೇಕು, ಅದು ಮರ್ಯಾದೆ. ವಾಪಸ್ ಬರ್ತಾ ಫುಟ್‌ಪಾತಿನ ಕಡೆ ನಡೆದ್ನಾ? ಅದನ್ನೂ ನೋಡಿದ್ಯಾ? ಒಂದೊಂದು ಸಲ ಗಂಡಸಿಗೂ ಸುಸ್ತಾಗುತ್ತೆ ಕಣೇ. ಮಂಚದ ಈ ಪಕ್ಕ ಆ ಪಕ್ಕ ಅಂತ ಬೆರಳು ತೋರಿಸ್ಬೇಡ, ಅದು ಬೆನ್ನುನೋವಿಗೆ. ಎಷ್ಟು ಲೆಕ್ಕ ಇಟ್ಟಿದ್ದೀಯ! ಪರದೆ ಅಳತೆ ತಗೊಳ್ಳೋ ಹಾಗೆ ನನ್ನ ಅಳತೆ ತಗೊಂಡು ಕೂತಿದ್ದೀಯಲ್ಲ.

ಆ ಡ್ರಾಯರಿಂದ ಏನು ತೆಗೀತಿದ್ದೀಯ ಮತ್ತೆ? ಓ. ಅದಾ. ಅದು ಗಿರಾಕಿದು. ಗಿಟಾರ್ ರಿಪೇರಿಗೆ ಕೊಟ್ಟೋನು ಬಿಟ್ಟುಹೋದ. ಕ್ಲಿಪ್ಪಿನ ಟ್ಯೂನರ್ರು, ವಾದ್ಯದ ತಲೆಗೆ ಕಚ್ಚಿಸಿದ್ರೆ ಶ್ರುತಿ ಸೇರ್ತಾ, ಇಲ್ವಾ ಅಂತ ಮುಳ್ಳು ತೋರಿಸುತ್ತೆ. ಹೌದು, ಕುಂಟರಿಗೆ ಊರುಗೋಲು ಅಂತ ಅದನ್ನ ಆಡಿಕೊಂಡೋನು ನಾನೇ. ನನಗ್ಯಾಕೆ ಬೇಕು ಅದು? ಬೇಡವೇ ಬೇಡ. ನನ್ನ ಅಂಗಿ ಜೇಬಲ್ಲಿ ಸಿಕ್ಕಿದ್ರೆ ನನ್ನದಾಗಿಬಿಡುತ್ತಾ? ನಾಳೆ ಜೇಬಲ್ಲಿ ಹಲ್ಲಿ ಸಿಕ್ಕಿದ್ರೆ...

ಬೆವರಿಲ್ಲ. ಸೆಖೆ. ಕಿಟಕಿಗೆಲ್ಲ ದಪ್ಪ ಪರದೆ ಬಿಟ್ಟಿದ್ದೀಯ ನೋಡು. ಬಿಡಿಸಿದ್ದು ನಾನೇ, ಹೊರಗಿನ ಸದ್ದು ಬರಬಾರದು ಅಂತ, ಸರಿ. ಅದಕ್ಕೇ ಸೆಖೆ. ನೀನು ಕುಂಬಳಕಾಯಿ ಕಳ್ಳ ಅಂದೆ, ನಾನು ಹೆಗಲು ಮುಟ್ಟಿ ನೋಡ್ಕೊಂಡೆ ಅಂತ ತಿಳ್ಕೋಬೇಡ. ಹೆಗಲು ಮುಟ್ಟಿದ್ದು ಈ ಹೆಡ್‌ಫೋನ್ ವಯರು ಅಲ್ಲಿ ಸುತ್ತಿಕೊಂಡಿದೆ ಅಂತ.

ನಿನಗೆ ಅನುಮಾನ ಅಲ್ವಾ, ಈ ಡಬ್ಬಾನೂ ಸರಿಯಿಲ್ಲ, ಸರಿಯಿದೆ ಅಂತ ಸುಳ್ಳು ಹೇಳ್ತಿದ್ದೀನಿ ಅಂತ? ಆಗಿಬಿಡ್ಲಿ ಪರೀಕ್ಷೆ. ಈಗಲೇ. ಸೂಜಿ ತೆಗಿ ಬಾಯಿಂದ. ಒಂದು, ಎರಡು, ಮೂರು... ಏಳು. ನಾನು ಹೇಳ್ಲಿಲ್ವಾ ಏಳು ಅಂತ? ನೀರು ಕುಡಿ. ಮಾತು ಬೇಡ, ಹಾಡು ಮಾತ್ರ. ಮಾತಾಡಿದ್ರೆ ಗಂಟಲು ಬಿಸಿ ಆಗುತ್ತೆ, ಮೂರನೇ ಡಬ್ಬದ ಹಾಗೆ.

ಮೈಕು ಹೀಗೆ. ಇನ್ನೂ ಹತ್ರ. ಮೂಗು ತಾಗೋ ಅಷ್ಟು ಬೇಡ. ಹಾಂ. ಒಂದನೇ ಸಾಕೆಟ್ಟಿಗೆ ಹಾಕಿದ್ದೀನಿ, ನೋಡ್ಕೋ, ಅದೇ ಆ ಮೂರರಲ್ಲೂ ಕೈ ಕೊಟ್ಟ ಒಂದನೇ ಸಾಕೆಟ್ಟು. ಕಂಪ್ಯೂಟರ್ ಈಗ ಬೇಡ, ಡಬ್ಬದಿಂದ ನೇರ ಹೆಡ್‌ಫೋನಿಗೆ ಬರುತ್ತೆ. ನಾನು ಹಾಕ್ಕೋತೀನಿ. ಇದು ಹಾಕ್ಕೊಂಡ್ರೆ ಹೊರಗಿನ ಸದ್ದು ಚೂರೂ ಒಳಗೆ ಬರಲ್ಲ, ನೀನು ಬೈದ್ರೂ ಮೈಕಲ್ಲೇ ಬೈಬೇಕು. ನಾನು ಹೀಗೆ ಕೈ ಎತ್ತಿದ್ರೆ ಹಾಡು, ಇಳಿಸಿದ್ರೆ ನಿಲ್ಲಿಸು. ಯಾವ ಹಾಡು? ಗುಂಡಿ ಕಳೆದುಹೋದ ಅಂಗಿ ಹಾಡು. ಅದೇ ಇರ್ಲಿ. ಮಗಳನ್ನ ತೊಡೆ ಮೇಲೆ ಹಾಕ್ಕೊಂಡು ಕಟ್ಟಿದ್ದು ಅಲ್ವಾ ಅದು?

ಹೂಂ... ಹಾಡು.

...

ಆಹಾ.

...

ಬಂತು! ಬರ್ತಿದೆ, ಬರ್ತಿದೆ, ನಿಲ್ಲಿಸ್ಬೇಡ. ಗಂಟೆ ಹೊಡೆದ ಹಾಗೆ... ನೋಡು, ನಾನು ಹೇಳ್ಲಿಲ್ವಾ? "ಅಂಗಿಯೊಂದು ಅಳುತಿತ್ತು, ಗುಂಡಿ ಬಿಟ್ಟು ಹೋಯಿತು"... ಹಾಂ, ಅಲ್ಲಿ ತಲೆ ತೂಗ್ತೀಯ ನೀನು. ನನಗೆ ಗೊತ್ತೇ ಇರ್ಲಿಲ್ಲ ಕಣೇ. ಇಷ್ಟು ವರ್ಷ ಪಕ್ಕದಲ್ಲಿ ಕೂರಿಸ್ಕೊಂಡು ಬಾರಿಸಿದ್ದೀನಿ, ಕಣ್ಣೆಲ್ಲ ತಂತಿ ಮೇಲೆ. ನೀನು ಹಾಡೋವಾಗ ಕಣ್ಣು ಹಾಗೆ ಅರ್ಧ ಮುಚ್ತೀಯ ಅಂತ ಇವತ್ತೇ ನೋಡಿದ್ದು. ಎಡ ಹುಬ್ಬು ಮೇಲೆ ಹೋಗುತ್ತೆ, ಹತ್ತು ವರ್ಷದ ಹುಡುಗಿ ಥರ... ಹಾಡು, ಹಾಡು, ನಿಲ್ಲಿಸ್ಬೇಡ.

ಆ ತಿರುವು... ಆಹಾ! ಬೆಣ್ಣೆ! ಬೆಣ್ಣೇಲಿ ಕೂದಲು ತೆಗೆದ ಹಾಗೆ. ಒಂದು ತಪ್ಪಿಲ್ಲ, ಒಂದು ಚೂರೂ ಇಳಿದಿಲ್ಲ! ಇದೇ ಡಬ್ಬ. ಇನ್ನು ಮಾತಿಲ್ಲ. ಕೈ ಇಳಿಸ್ದೆ ನೋಡು, ಸಾಕು. ಇವತ್ತು ಸಂಜೇನೇ ಮಗಳಿಗೆ ಫೋನ್ ಮಾಡಿ ಹೇಳ್ತೀನಿ, ನಿಮ್ಮಮ್ಮನ ದನಿ ಇಷ್ಟು ಚೆನ್ನಾಗಿ ನಾನು ಯಾವತ್ತೂ ಕೇಳಿರ್ಲಿಲ್ಲ ಅಂತ...

ಏನು? ಯಾಕೆ ಹಾಗೆ ಕೂತ್ಬಿಟ್ಟೆ? ಇರು, ಹೆಡ್‌ಫೋನ್ ತೆಗೀತೀನಿ. ಹೇಳು.

ಹೇಳೇ.

ಬೆರಳು ಎಲ್ಲಿ ತೋರಿಸ್ತಿದ್ದೀಯ? ಡಬ್ಬ? ಡಬ್ಬಕ್ಕೇನಾಗಿದೆ, ಚೆನ್ನಾಗೇ... ದೀಪ.

ದೀಪ ಇಲ್ಲ. ಗೊತ್ತು, ನೀನು ಈಗ ಹಾಡ್ತಿಲ್ವಲ್ಲ, ಅದಕ್ಕೇ ಇಲ್ಲ. ಆಗ ಇತ್ತು. ಹಸಿರಿತ್ತು. ನಾನೇ ನೋಡ್ದೆ... ಇಲ್ಲ, ನೋಡ್ಲಿಲ್ಲ. ನಿನ್ನ ಮುಖ ನೋಡ್ತಿದ್ದೆ.

ನೀನು ಹಾಡಿದೆ ತಾನೆ?

ತುಟಿ ಆಡ್ತಿತ್ತು. ನಾನು ನೋಡಿದ್ನಲ್ಲ, ಪೂರ್ತಿ ಹಾಡಿಗೆ ತುಟಿ ಆಡ್ತಿತ್ತು, ತಲೆ ತೂಗ್ತಿತ್ತು... ಒಂದು ಮಾತು ಹೇಳೇ. ಹಾಡಿದೆ ಅಂತ ಹೇಳು.

...

ಹಾಡ್ಲಿಲ್ಲ.

ಪೂರ್ತಿ ಹಾಡಿಗೆ ಬರೀ ತುಟಿ ಆಡಿಸಿದೆ. ದನೀನೇ ಬಿಡ್ಲಿಲ್ಲ. ನಾನು ಬೆಣ್ಣೆ ಅಂದೆ... ಗಂಟೆ ಹೊಡೆದ ಹಾಗೆ ಅಂದೆ! ಎಲ್ಲಿ ಕಲಿತೆ ಇಂಥ ಕಳ್ಳಾಟ? ನನ್ನಿಂದಲೇ, ಗೊತ್ತು. ಕಳ್ಳನಿಗೆ ಕಳ್ಳಿ. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ನಾನು ನಾಲ್ಕು ತಿಂಗಳಿಂದ ಕುಡೀತಾ ಇದ್ದೀನಿ, ನೀನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೀಯ. ಯಾವಾಗಿಂದ ಗೊತ್ತು ನಿನಗೆ? ಹೊಗಳೋಕೆ ಶುರು ಮಾಡಿದಾಗಿಂದಾನಾ?

ನಗು, ಪರವಾಗಿಲ್ಲ. ನಗ್ತಿಲ್ವಾ. ನಗಬಹುದಿತ್ತು.

ಎಡಗಡೆ ಕಿವಿ. ಅದು ಅಂಗಡಿ ಮುಚ್ಚಿ ಹೋಗಿದೆ. ಬಲಗಡೇದು ಗಟ್ಟಿಯಾಗಿದೆ, ಪೆನ್ಸಿಲಮ್ಮ ಗೊಣಗಿದ್ದು ಕೇಳಿಸಿದ್ದು ಬಲಗಡೆ. ಮೊದಲನೇ ಡಬ್ಬ ಕೊಟ್ಟಾಗ ನಾನು ನಿಜವಾಗ್ಲೂ ಡಬ್ಬದ್ದೇ ತಪ್ಪು ಅಂದ್ಕೊಂಡಿದ್ದೆ, ನಂಬು. ಎರಡನೇದಕ್ಕೆ ಅರ್ಧ ನಂಬಿಕೆ. ಮೂರನೇದು ತಗೊಂಡು ಹೋದಾಗ ಅವಳು ಕೌಂಟರ್ ಮೇಲೆ ಮೈಕು ಇಟ್ಟು, ನನ್ನ ತಲೆಗೆ ಹೆಡ್‌ಫೋನ್ ಹಾಕಿ, ಒಂದು ಎರಡು ಮೂರು ಅಂತ ಎಣಿಸಿದ್ಲು. ನನಗೆ ಬರೀ ಬಾಯಿ ಆಡೋದು ಕಾಣಿಸ್ತು. ಆಮೇಲೆ ಹೆಡ್‌ಫೋನ್ ತೆಗೆದು, ಎಡದ್ದು ಬಲಕ್ಕೆ ತಿರುಗಿಸಿ ಹಾಕಿದ್ಲು. ಅದೇ ಡಬ್ಬ, ಅದೇ ಸಾಕೆಟ್ಟು. ನಾಲ್ಕು, ಐದು, ಆರು... ಸ್ಪಷ್ಟವಾಗಿ ಬಂತು. ಒಂದನೇ ಸಾಕೆಟ್ಟಿಗೆ ಹಾಕಿದ್ದು ಎಡಗಿವಿಗೆ ಹೋಗುತ್ತಂತೆ, ಎರಡನೇದು ಬಲಗಿವಿಗೆ. ಮೂರು ಡಬ್ಬಾನೂ ಸರಿಯಾಗೇ ಇದ್ವು ಕಣೇ. ಮೂರಕ್ಕೂ ನಾನು ನಿನ್ನನ್ನ ತಗೊಂಡು ಹೋಗಿ ಸತ್ತ ಕಿವಿಗೇ ಸಿಗಿಸಿದ್ದೆ.

ಅವಳು ನಗ್ಲಿಲ್ಲ. ಗಂಟಿಂದ ಪೆನ್ಸಿಲ್ ಎಳೆದ್ಲು, ಕೂದಲೆಲ್ಲ ಬಿಚ್ಚಿಹೋಯ್ತು, ಬಿಲ್ಲಿನ ಹಿಂದೆ ಕಿವಿ ಡಾಕ್ಟರ್ ವಿಳಾಸ ಬರೆದು ಕೊಟ್ಲು. ಇಲ್ಲೇ ಜೇಬಲ್ಲಿದೆ. ಹೋಗಿಲ್ಲ. ಹೋಗ್ಲಿಲ್ಲ, ಹೆಡ್‌ಫೋನ್ ತಿರುಗಿಸಿ ಹಾಕ್ಕೊಂಡ್ರೆ ಯಾಕೆ ಅಂತ ನೀನು ಕೇಳ್ತೀಯ ಅಂದ್ಕೊಂಡು ದೊಡ್ಡ ದೀಪದ ಡಬ್ಬ ತಂದೆ. ನಿನ್ನ ಹಾಡನ್ನ ಕಣ್ಣಲ್ಲೇ ಕೇಳಿಸ್ಕೊಂಡುಬಿಡೋಣ ಅಂತ. ಕೊನೆಗೆ ಆ ದೀಪ ನೋಡೋದೂ ಮರೆತು ನಿನ್ನ ಮುಖ ನೋಡ್ತಾ ಕೂತೆ. ಮುದುಕನಿಗೆ ಪ್ರೀತಿ ಬಂದ್ರೆ ಹೀಗೇ ಸಿಕ್ಕಿಬೀಳೋದು.

ಯಾಕೆ ಹೇಳ್ಲಿಲ್ಲ ಅಂದ್ರೆ... ಒಂದೇ ಕಿವಿ ಇರೋ ರಿಪೇರಿಯವನ ಹತ್ರ ಯಾರು ಪಿಟೀಲು ತರ್ತಾರೆ? ಅದೂ ಇದೆ. ಆದ್ರೆ ಅದಲ್ಲ. ನಮ್ಮಪ್ಪನ್ನ ನೀನು ನೋಡಿದ್ದೀಯ. ಕಿವಿ ಹೋದ ಹೊಸದರಲ್ಲಿ ಎಲ್ಲರೂ ಅವರ ಹತ್ರ ಕೂಗಿ ಕೂಗಿ ಮಾತಾಡಿದ್ರು. ಆಮೇಲೆ ಊಟಕ್ಕೆ ಬನ್ನಿ ಅಂತ ಕೂಗೋಕೆ ಮಾತ್ರ. ಆಮೇಲೆ ಕೈಸನ್ನೆ. ನಾವೆಲ್ಲ ಮೇಜಿನ ಸುತ್ತ ಕೂತು ಏನಕ್ಕೋ ನಕ್ರೆ ಅವರೂ ನಗೋರು, ಯಾಕೆ ಅಂತ ಗೊತ್ತಿಲ್ದೆ, ನಮ್ಮ ಮುಖ ನೋಡ್ಕೊಂಡು. ಅವರ ಪಕ್ಕದಲ್ಲಿ ನಾನೇ ಕೂರ್ತಿದ್ದೆ. ಒಂದು ಸಲಾನೂ ಬಗ್ಗಿ ಹೇಳ್ಲಿಲ್ಲ, ಅಪ್ಪಾ, ಜೋಕ್ ಇದು ಅಂತ. ನನಗೆ ಭಯ ಆಯ್ತು ಕಣೇ. ತುಂಬಾ ಭಯ ಆಯ್ತು. ಎಲ್ಲ ಬಿಟ್ಟು ಹೋಗ್ಲಿ, ನೀನು ಮೆಷಿನ್ ತುಳೀತಾ ನನ್ನ ಬೈಕೊಳ್ಳೋದು ಕೇಳಿಸ್ದೇ ಹೋದ್ರೆ ನಾನು ಏನು ಮಾಡ್ಲಿ?

ಏನು ಮಾಡ್ತಿದ್ದೀಯ? ಏ, ಆ ವಯರು ಯಾಕೆ ಕೀಳ್ತಿದ್ದೀಯ? ಜೋರಾಗಿ ಎಳೀಬೇಡ, ಆ ಬದೀಲಿ ಒತ್ತಿ... ಹಾಂ. ನನ್ನ ಮ್ಯಾಂಡೊಲಿನ್ ವಯರೂ ಕಿತ್ತೆ. ಅದನ್ನ ಒಂದಕ್ಕಾ? ಮೈಕು...

ಮೈಕು ಎರಡಕ್ಕೆ.

ಜೇಬಿಗೆ ಕೈ ಹಾಕ್ಬೇಡ. ಆಯ್ತು, ತಗೋ ಚೀಟಿ. ನಾಳೆ ಹೋಗೋಣ. ಇಬ್ಬರೂ ಹೋಗೋಣ. ಫುಟ್‌ಪಾತಿನ ಯಾವ ಕಡೆ ಬೇಕಾದ್ರೂ ನಡಿ, ನನ್ನ ಬಲಗಡೆ ಇದ್ರೆ ಸಾಕು.

ಸರಿ, ಹಾಕ್ಕೊಂಡೆ ಹೆಡ್‌ಫೋನು. ನೋಡು, ಈ ಸಲ ಕಣ್ಣು ಮುಚ್ಕೋತೀನಿ. ತುಟಿ ನೋಡಲ್ಲ, ದೀಪಾನೂ ನೋಡಲ್ಲ. ನಿಜವಾಗ್ಲೂ ಮುಚ್ಚಿದ್ದೀನಿ, ಸಂದೀಲಿ ಇಣುಕಲ್ಲ. ಹಾಡು.

...

ಇನ್ನೂ ಶುರು ಮಾಡಿಲ್ಲ ನೀನು.

...

ಇಲ್ಲ. ಏನೂ ಬರ್ತಿಲ್ಲ. ನೀನು ಮತ್ತೆ ಬರೀ ತುಟಿ ಆಡಿಸ್ತಿದ್ದೀಯ, ನನ್ನ ಕಿವಿ ಮೇಲೆ ಎರಡನೇ ಸಲ ಹೂವಿಡೋಕೆ ಬರಬೇಡ. ಕೇಳಿಸ್ತಿಲ್ಲ ಅಂದ್ರೆ ಕೇಳಿಸ್ತಿಲ್ಲ. ಇಗೋ, ಬಾಯಿ ಬಿಟ್ಟು ನಿಜ ಹೇಳ್ದೆ, ನಾಲ್ಕು ತಿಂಗಳಲ್ಲಿ ಮೊದಲನೇ ನಿಜ.

ಹಾಂ! ನಕ್ಕೆ. ಅದು ಬಂತು. ಬಲಗಡೆ, ಇಷ್ಟು ಹತ್ರ.

ಹಾಡು ಈಗ.

...

...

ನಿಲ್ಲಿಸು. ಎರಡನೇ ಸಾಲಲ್ಲಿ ಇಳೀತು. ಕೂದಲೆಳೆಯಷ್ಟು. ಮೊದಲಿಂದ ಹಾಡು.